ಒಂದೇ ಸಾಲು, ಎರಡು ತಟ್ಟೆ: ಪ್ರೌಢಶಾಲೆಗೆ ಮೊಟ್ಟೆ ಬಂದ ಪ್ರಕರಣ

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲು ಶುರು ಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸುಮಾರು 14 ಲಕ್ಷ ಮಕ್ಕಳಿಗೆ ಇದು ಸಿಗಬೇಕಿತ್ತು. ಆದರೆ 1ರಿಂದ 8ನೇ ತರಗತಿಯವರಿಗೆ ಮಾತ್ರ. ಪ್ರೌಢಶಾಲೆ ಅಂದರೆ 8, 9, 10 ಮೂರೂ ತರಗತಿ ಒಂದೇ ಕಟ್ಟಡದಲ್ಲಿ ಇರುತ್ತವೆ ಅಲ್ವಾ? ಅಡುಗೆಮನೆ ಒಂದೇ, ಊಟದ ಬೆಲ್ ಒಂದೇ, ಸಾಲೂ ಒಂದೇ. ಎಂಟನೇ ತರಗತಿಯ ಹುಡುಗನ ತಟ್ಟೆಗೆ ಅನ್ನ, ಸಾಂಬಾರು, ಮೊಟ್ಟೆ. ಅವನ ಹಿಂದೆಯೇ ನಿಂತ ಒಂಬತ್ತನೇ ತರಗತಿಯ ಹುಡುಗಿಯ ತಟ್ಟೆಗೆ ಅನ್ನ, ಸಾಂಬಾರು, ಅಷ್ಟೇ.

2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು, ವರ್ಷಕ್ಕೆ 46 ದಿನ. ಆಗಲೂ 9 ಮತ್ತು 10 ಹೊರಗೇ ಉಳಿದವು. 2023ರ ಆಗಸ್ಟ್‌ನಲ್ಲಿ ಅವೂ ಸೇರಿದವು, ವಾರಕ್ಕೆ ಎರಡು ಮೊಟ್ಟೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಅಲ್ಲಿಂದ ವಾರಕ್ಕೆ ಆರು ದಿನ ಮೊಟ್ಟೆ.

ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಈ ಬದಲಾವಣೆಯನ್ನು ಊಟದ ಸಾಲಿನ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹದಿಹರೆಯದ ಮಕ್ಕಳಿಗೆ ಒಳ್ಳೆಯ ಊಟದ ಅಭ್ಯಾಸ ಹಿಡಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಪೋಸ್ಟರ್ ಅಂಟಿಸುತ್ತಾರೆ, ಭಾಷಣ ಮಾಡಿಸುತ್ತಾರೆ, ಪ್ರಬಂಧ ಸ್ಪರ್ಧೆ ಇಡುತ್ತಾರೆ. ನಾನು ಕಂಡದ್ದು ಬೇರೆ. ತಟ್ಟೆಗೆ ಬಿದ್ದದ್ದು ಅಭ್ಯಾಸವಾಯಿತು, ಕಿವಿಗೆ ಬಿದ್ದದ್ದು ಆಗಲಿಲ್ಲ. ಆಟದ ವಿಚಾರದಲ್ಲಿ ಇದೇ ಮಕ್ಕಳ ಕಥೆ ಇನ್ನೂ ಅರ್ಧದಲ್ಲೇ ನಿಂತಿದೆ. ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ, ಏಕೆಂದರೆ ಎರಡೂ ಒಂದೇ ಮೈಗೆ ಸೇರಿದ್ದು.

ಒಂಬತ್ತನೇ ತರಗತಿ ಯಾಕೆ ಹೊರಗೆ ಉಳಿಯಿತು

ಇದು ಯಾರೋ ಬೇಕಂತಲೇ ಮಾಡಿದ್ದಲ್ಲ, ಲೆಕ್ಕದಿಂದ ಆದದ್ದು. ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶ ಮಾಡಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಯಿತು, ಮೊದಲು ನಮ್ಮ ಕಡೆಯ ಜಿಲ್ಲೆಗಳಲ್ಲೇ. ಕೇಂದ್ರ ಸರ್ಕಾರ ದುಡ್ಡು ಕೊಡುವುದು 8ನೇ ತರಗತಿವರೆಗೆ ಮಾತ್ರ. 9 ಮತ್ತು 10ರ ಊಟವನ್ನು ರಾಜ್ಯ ತನ್ನ ಜೇಬಿನಿಂದ ಹಾಕುತ್ತದೆ. ಇದು ಕರ್ನಾಟಕ ಮಾಡಿದ ದೊಡ್ಡ ಕೆಲಸ, ಅದನ್ನು ಮರೆಯಬಾರದು. ಆದರೆ ಹೊಸದೇನಾದರೂ ಸೇರಿಸುವಾಗ ಪೆನ್ನು 8ಕ್ಕೇ ನಿಲ್ಲುತ್ತದೆ.

ಮೈ ಮಾತ್ರ 8ಕ್ಕೆ ನಿಲ್ಲುವುದಿಲ್ಲ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್, 30 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಇದು ಎತ್ತರ ಸರ್ರನೆ ಏರುವ ವಯಸ್ಸು. ಹುಡುಗಿಯರಿಗೆ ಮುಟ್ಟು ಶುರುವಾಗಿ ಪ್ರತಿ ತಿಂಗಳು ರಕ್ತ ಹೋಗುವ ವಯಸ್ಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ 59.1 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು 54.1. ಕಡಿಮೆ ಆಗುವ ಬದಲು ಜಾಸ್ತಿ ಆಗಿದೆ.

ನಮ್ಮ ಮಕ್ಕಳ ಬೆಳಗಿನ ಊಟ ಹೇಗಿರುತ್ತದೆ ಅಂತ ಹೇಳಿದರೆ ಇನ್ನೂ ಅರ್ಥವಾಗುತ್ತದೆ. ಅಪ್ಪ ಅಮ್ಮ ಗುಳೆ ಹೋಗಿದ್ದರೆ ಮನೆಯಲ್ಲಿ ಅಜ್ಜಿ ಮಾತ್ರ. ಚಾ ಮತ್ತು ಒಂದೆರಡು ಬಿಸ್ಕತ್ತು ತಿಂದು ಬರುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಕೆಲವು ಹುಡುಗಿಯರು ಬೆಳಗ್ಗೆ ಹೊಲಕ್ಕೆ ಹೋಗಿಯೇ ಶಾಲೆಗೆ ಬರುತ್ತಾರೆ. ರೊಟ್ಟಿ ಬಡಿದು, ತಮ್ಮನಿಗೆ ಕಟ್ಟಿಕೊಟ್ಟು, ತಾವು ಹಾಗೇ ಬರುವವರೂ ಇದ್ದಾರೆ. ಮೂರನೇ ಪೀರಿಯಡ್ ಹೊತ್ತಿಗೆ ಇವರ ಕಣ್ಣು ಬೋರ್ಡಿನ ಮೇಲೆ ಇರುವುದಿಲ್ಲ. ಇಂಥವರಿಗೆ ‘ಸಮತೋಲನ ಆಹಾರ’ದ ಪಾಠ ಮಾಡುವುದು ನನಗೇ ಕಷ್ಟವಾಗುತ್ತಿತ್ತು.

ಒಂಬತ್ತನೇ ತರಗತಿಯವರು ಸಾಲಿನಲ್ಲಿ ನಿಂತು “ನಮಗ್ಯಾಕ ಇಲ್ರಿ ಸರ?” ಎಂದು ಕೇಳುತ್ತಿದ್ದರು. ‘ಆದೇಶ ಹಾಗಿದೆ’ ಅನ್ನುವುದು ಬಿಟ್ಟು ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಗಲಾಟೆ, ಮತ್ತು ಮಕ್ಕಳು ಕೊಟ್ಟ ಉತ್ತರ

ಶಾಲೆಯಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ 2021ಕ್ಕೂ ಮುಂಚೆ ಬಂದಿತ್ತು, ವಿರೋಧಕ್ಕೆ ಬಿದ್ದುಹೋಗಿತ್ತು. ಈ ಸಲವೂ ಕೆಲವು ಮಠಾಧೀಶರು ಮತ್ತು ಸಂಘಟನೆಗಳು ಜೋರಾಗಿ ವಿರೋಧಿಸಿದರು. ಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳು ಕೂತು ಉಣ್ಣುತ್ತಾರೆ, ಮೊಟ್ಟೆ ತಂದರೆ ಭೇದ ಬರುತ್ತದೆ ಎನ್ನುವುದು ಅವರ ವಾದ. ಅದೇ ಡಿಸೆಂಬರ್‌ನಲ್ಲಿ ಗಂಗಾವತಿಯ ಶಾಲಾ ಹುಡುಗಿಯೊಬ್ಬಳ ವಿಡಿಯೋ ರಾಜ್ಯವೆಲ್ಲ ಓಡಾಡಿತು. ನಮಗೆ ಮೊಟ್ಟೆ ಬೇಕು, ಬೇಡ ಎನ್ನಲು ನೀವ್ಯಾರು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎನ್ನುವ ಅರ್ಥದಲ್ಲಿ ಅವಳು ಮಾತಾಡಿದ್ದಳು. ಅವಳ ಧೈರ್ಯವನ್ನು ಮೆಚ್ಚಿದವರು ಬಹಳ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಊಟದ ಬಗ್ಗೆ ಅಷ್ಟು ವರ್ಷ ದೊಡ್ಡವರೇ ಮಾತಾಡಿದ್ದರು, ಉಣ್ಣುವವರು ಮಾತಾಡಿದ್ದು ಆಗಲೇ.

2022ರಲ್ಲಿ ಇನ್ನೊಂದು ಸುದ್ದಿ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಒಂದು ವರದಿ, ಮೊಟ್ಟೆಯಂಥದ್ದನ್ನು ಪದೇಪದೇ ಕೊಟ್ಟರೆ ಜೀವನಶೈಲಿಯ ಕಾಯಿಲೆಗಳು ಬರಬಹುದು ಎಂದಿತ್ತು. ವೈದ್ಯರು, ಪೋಷಣಾ ತಜ್ಞರು ಇದನ್ನು ಕಟುವಾಗಿ ಟೀಕಿಸಿದರು. ಒಂದು ಮೊಟ್ಟೆಯಲ್ಲಿ ಇರುವುದು 70 ಕ್ಯಾಲೊರಿಯ ಆಸುಪಾಸು, ಪ್ರೋಟೀನ್ ಸುಮಾರು 6 ಗ್ರಾಂ. ಜೊತೆಗೆ ಎ, ಡಿ, ಬಿ12 ವಿಟಮಿನ್‌ಗಳು. ಹೊಲಕ್ಕೆ ಹೋಗಿ ಬರುವ ಹುಡುಗಿಗೆ ಇದರಿಂದ ಬೊಜ್ಜು ಬರುತ್ತದೆ ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಹೀಗೆ ವಾದ ನಡೆಯುವಾಗಲೇ ಲೆಕ್ಕ ಬರತೊಡಗಿತು. ರಾಜ್ಯದ ಮಕ್ಕಳಲ್ಲಿ ಹತ್ತರಲ್ಲಿ ಎಂಟು ಮಂದಿಯಷ್ಟು ಮೊಟ್ಟೆಯನ್ನೇ ಆರಿಸಿಕೊಂಡಿದ್ದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಅಧ್ಯಯನ ಮಾಡಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. 8ನೇ ತರಗತಿಯ ಹುಡುಗಿಯರಲ್ಲಂತೂ ವ್ಯತ್ಯಾಸ ಎದ್ದು ಕಾಣುವಷ್ಟಿತ್ತು. ಅಂದರೆ ವಯಸ್ಸು ಏರಿದಂತೆ ಲಾಭವೂ ಜಾಸ್ತಿ. ಅದರ ಮರು ತರಗತಿಯೇ 9. 9 ಮತ್ತು 10ನ್ನು ಸೇರಿಸಲು ಇದಕ್ಕಿಂತ ಬೇರೆ ಕಾರಣ ಬೇಕಾಗಿರಲಿಲ್ಲ.

ಎಲ್ಲ ಕಡೆ ಸಲೀಸಾಗಿ ಆಯಿತು ಎಂದು ಹೇಳಲಾರೆ. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಶಾಲೆಯ ಪಕ್ಕ ದೇವಸ್ಥಾನ ಇದೆ, ಅಲ್ಲಿ ಮೊಟ್ಟೆ ಬೇಯಿಸಬಾರದು ಎಂಬ ಕಾರಣಕ್ಕೆ ಹಲವು ಪೋಷಕರು ಮಕ್ಕಳ ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಸೇರಿಸಿದರು. ಅವರ ನಂಬಿಕೆಯನ್ನು ಹೀಗಳೆಯುವುದು ಬೇಡ. ಬಾಳೆಹಣ್ಣು ಆರಿಸುವ ಮಗುವಿಗೂ ಅಷ್ಟೇ ಗೌರವ ಸಿಗಬೇಕು.

ಸಾಲಿನಲ್ಲಿ ಕಂಡದ್ದು

2023ಕ್ಕೂ ಮುಂಚೆ ನಮ್ಮಲ್ಲಿ ಹತ್ತನೇ ತರಗತಿಯ ಹುಡುಗರು ಬಿಸಿಯೂಟಕ್ಕೆ ಅಷ್ಟಾಗಿ ಬರುತ್ತಿರಲಿಲ್ಲ. ಮೀಸೆ ಚಿಗುರುವ ವಯಸ್ಸು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಸಣ್ಣವರ ಕೆಲಸ ಅನ್ನುವ ಭಾವನೆ. ಗೇಟಿನ ಹೊರಗಿನ ಅಂಗಡಿಯಲ್ಲಿ ಐದು ರೂಪಾಯಿಯ ಚಿಪ್ಸ್ ಪಾಕೀಟು, ಬಣ್ಣದ ಜ್ಯೂಸು. ಸಂಜೆ ಮಂಡಕ್ಕಿ, ಮಿರ್ಚಿ. ಹುಡುಗಿಯರದ್ದು ಬೇರೆ ರೀತಿ. ಸಾಲಿಗೆ ಬರುತ್ತಿದ್ದರು, ಸ್ವಲ್ಪವೇ ಹಾಕಿಸಿಕೊಳ್ಳುತ್ತಿದ್ದರು. ಜಾಸ್ತಿ ಉಂಡರೆ ಗೆಳತಿಯರು ನಗುತ್ತಾರೆ ಎಂಬ ಸಂಕೋಚ.

ಮೊಟ್ಟೆ ಬಂದ ಮೇಲೆ ದೊಡ್ಡ ಹುಡುಗರು ತಾವಾಗಿಯೇ ಸಾಲಿಗೆ ಬಂದರು. ಯಾರೂ ಕರೆಯಲಿಲ್ಲ. ಮೊಟ್ಟೆಗೆಂದು ಬಂದವರು ಅನ್ನ ಸಾಂಬಾರೂ ಉಂಡರು, ಗೆಳೆಯರ ಜೊತೆ ಕೂತರು. ಕೆಲವೇ ವಾರಗಳಲ್ಲಿ ಅದು ಅವರ ಜಾಗವಾಯಿತು. ಈ ವಯಸ್ಸಿನವರು ಮೇಷ್ಟರ ಮಾತಿಗಿಂತ ಪಕ್ಕದವನ ತಟ್ಟೆಯನ್ನೇ ಜಾಸ್ತಿ ನೋಡುತ್ತಾರೆ. ಒಬ್ಬೊಬ್ಬರಿಗೆ ಬುದ್ಧಿ ಹೇಳುವುದಕ್ಕಿಂತ ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಕೆಲಸ ಬೇಗ ಆಗುತ್ತದೆ. ಹುಡುಗಿಯರ ಸಂಕೋಚವೂ ಇದರಿಂದಲೇ ಕಡಿಮೆಯಾಯಿತು. ಮೊಟ್ಟೆ ಎಲ್ಲರಿಗೂ ಒಂದೇ. ‘ಜಾಸ್ತಿ ಹಾಕಿಸಿಕೊಂಡಳು’ ಅನ್ನುವ ಮಾತೇ ಇಲ್ಲ.

ಇದರ ಹಿಂದಿನ ಕೆಲಸ ಎಷ್ಟು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಡುಗೆಯ ಅಕ್ಕಂದಿರು ಬೆಳಗ್ಗೆ ಟ್ರೇಗಳನ್ನು ಇಳಿಸಿಕೊಳ್ಳುತ್ತಾರೆ. ಮೊದಲು ಮೊಟ್ಟೆಗಳನ್ನು ನೀರಿಗೆ ಹಾಕಿ ನೋಡುತ್ತಾರೆ. ತೇಲಿದ್ದನ್ನು ಪಕ್ಕಕ್ಕೆ ಇಡುತ್ತಾರೆ, ಅದು ಕೆಟ್ಟಿದೆ ಅಂತ. ಒಡೆದರೆ ಬಿಳಿ ಹೊರಗೆ ಬರಬಾರದೆಂದು ದೊಡ್ಡ ಪಾತ್ರೆಯ ನೀರಿಗೆ ಉಪ್ಪು ಹಾಕಿ ಬೇಯಿಸುತ್ತಾರೆ. ಬೆಂದದ್ದನ್ನು ತಣ್ಣೀರಿಗೆ ಸುರಿದು, ಕೂತು ಒಂದೊಂದನ್ನೇ ಸುಲಿಯುತ್ತಾರೆ. ಬಿಸಿ ಇರುವಾಗಲೇ ಸುಲಿಯಬೇಕಾದ ದಿನ ಅವರ ಬೆರಳ ತುದಿ ಕೆಂಪಾಗಿರುತ್ತದೆ. ಸಿಪ್ಪೆ ಸರಿಯಾಗಿ ಬಿಡದೆ ಬಿಳಿ ಕಿತ್ತುಬಂದರೆ, ಅಂಥ ಮೊಟ್ಟೆ ಯಾವ ಮಗುವಿಗೂ ಹೋಗಬಾರದೆಂದು ತಮ್ಮ ಪಾಲಿಗೆ ಎತ್ತಿಟ್ಟುಕೊಳ್ಳುತ್ತಾರೆ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಮಕ್ಕಳ ಆರೋಗ್ಯದ ಬಗ್ಗೆ ನಡೆಯುವ ಸಭೆಗಳಿಗೆ ಇವರನ್ನು ಕರೆಯುವುದಿಲ್ಲ. ಕರೆಯಬೇಕು. ಯಾವ ಮಗು ಏನು ಬಿಡುತ್ತದೆ ಎಂದು ಇವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ.

ದುಡ್ಡಿನ ತಾಪತ್ರಯ ಬೇರೆ. ಒಂದು ಮೊಟ್ಟೆಗೆ 6 ರೂಪಾಯಿ ಗೊತ್ತು ಮಾಡಿದ್ದರು. ಕೊಳ್ಳುವುದು, ಬೇಯಿಸಲು ಗ್ಯಾಸ್, ಸುಲಿಯುವ ಕೂಲಿ, ಸಾಗಾಟ ಎಲ್ಲವೂ ಅದರಲ್ಲೇ. ಪೇಟೆಯಲ್ಲಿ ದರ ಏರಿದಾಗ ಮೊಟ್ಟೆಯೊಂದಕ್ಕೇ ಅಷ್ಟಾಗುತ್ತದೆ. ಆಗ ರಾಜ್ಯದ ಎಷ್ಟೋ ಮುಖ್ಯ ಶಿಕ್ಷಕರು ಕೈಯಿಂದ ಹಾಕಿದರು. ಮಕ್ಕಳ ಊಟ ಮುಖ್ಯ ಶಿಕ್ಷಕರ ಜೇಬಿನ ಮೇಲೆ ನಿಲ್ಲಬಾರದು. ದರವನ್ನು ವರ್ಷಕ್ಕೊಮ್ಮೆ ಅಲ್ಲ, ಪೇಟೆ ಏರಿದಾಗಲೆಲ್ಲ ಬದಲಿಸಬೇಕು.

ಚಿಕ್ಕಿ ಮತ್ತು ಚಾ

ಮೊಟ್ಟೆ, ಬಾಳೆಹಣ್ಣಿನ ಜೊತೆ ಚಿಕ್ಕಿಯೂ ಆಯ್ಕೆಯಾಗಿತ್ತು. 2025ರ ಫೆಬ್ರವರಿಯಲ್ಲಿ ಇಲಾಖೆ ಅದನ್ನು ನಿಲ್ಲಿಸಿತು. ಸಕ್ಕರೆ, ಕೊಬ್ಬು ಜಾಸ್ತಿ, ಸರಿಯಾಗಿ ಇಡದ ಕಡೆ ಕೆಟ್ಟ ಚಿಕ್ಕಿ ಬಂದಿದೆ ಎಂಬ ದೂರು. ಶೇಂಗಾ ಬೆಲ್ಲ ಒಳ್ಳೆಯದೇ. ಆದರೆ ಪಾಕೀಟಿನಲ್ಲಿ ಬರುವುದನ್ನು ಇಡುವುದು ಸುಲಭ, ಹಂಚುವುದು ಸುಲಭ, ಹಾಗಾಗಿ ಕೊಡುವವರಿಗೆ ಅದೇ ಇಷ್ಟವಾಗಿಬಿಡುತ್ತದೆ. ತಾಜಾ ಬೇಯಿಸಿದ್ದನ್ನು ಹೀಗೆ ಮಾಡಲು ಬರುವುದಿಲ್ಲ. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು ಹೇಳಲೇಬೇಕು. ಮೊಟ್ಟೆ ಪ್ರೋಟೀನಿಗೆ ಚೆನ್ನ, ರಕ್ತಹೀನತೆಗೆ ಅಲ್ಲ. ಅದರಲ್ಲಿರುವ ಕಬ್ಬಿಣ ಕಡಿಮೆ, ಮೈಗೆ ಹತ್ತುವುದೂ ಕಡಿಮೆ. ಅದಕ್ಕೆ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಮಕ್ಕಳು ಅಂಗೈಯಲ್ಲಿ ಮುಚ್ಚಿಟ್ಟು ಕಿಟಕಿಯಿಂದ ಎಸೆಯುತ್ತಾರೆ. ಹೊಟ್ಟೆ ತುಂಬ ಉಂಡ ಮೇಲೆ ಕೊಟ್ಟರೆ ಆ ತೊಂದರೆ ಬಹಳ ಕಡಿಮೆ. ಊಟ ಸರಿಯಾದರೆ ಮಾತ್ರೆಯೂ ಒಳಗೆ ಹೋಗುತ್ತದೆ. ಚಾ ಮಾತ್ರ ಊಟದ ಜೊತೆ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸಾಂಬಾರಿಗೆ ನುಗ್ಗೆ ಸೊಪ್ಪು, ಮೇಲೆ ನಿಂಬೆಹಣ್ಣು ಹಿಂಡಿದರೆ ಸಹಾಯವಾಗುತ್ತದೆ. 6ರಿಂದ 8ನೇ ತರಗತಿಯವರಿಗೆ ದಿನಕ್ಕೆ 75 ಗ್ರಾಂ ತರಕಾರಿ ಎಂದು ನಿಯಮದಲ್ಲಿದೆ. ತೆಳ್ಳನೆ ಸಾಂಬಾರಿನಲ್ಲಿ ಅಷ್ಟು ತರಕಾರಿ ಹುಡುಕಿ ನೋಡಿ, ಸಿಗುವುದು ಕಷ್ಟ. ಮೊಟ್ಟೆಯನ್ನು ಎಣಿಸಬಹುದು, ಸೊಪ್ಪನ್ನು ಎಣಿಸಲು ಬರುವುದಿಲ್ಲ. ಎಣಿಸಲು ಬಂದದ್ದು ಮಕ್ಕಳಿಗೆ ತಲುಪುತ್ತದೆ.

ಗೇಟಿನ ಹೊರಗಿನ ಅಂಗಡಿ ಇನ್ನೂ ಇದೆ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಊರಿನಲ್ಲಿ ಅದನ್ನು ಕೇಳಿದವರೇ ಇಲ್ಲ. ಅಂಗಡಿ ಇಟ್ಟವರೂ ನಮ್ಮ ಮಕ್ಕಳ ಪೋಷಕರೇ. ಜಗಳವಾಡಿ ಮುಚ್ಚಿಸುವುದಕ್ಕಿಂತ, ಹೊಟ್ಟೆ ತುಂಬಿದ ಮಕ್ಕಳು ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದ್ದೇ ಜಾಸ್ತಿ ಕೆಲಸ ಮಾಡಿತು.

ತಟ್ಟೆಗೆ ರಿಜಿಸ್ಟರ್ ಇದೆ, ಮೈದಾನಕ್ಕೆ ಇಲ್ಲ

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಲೆಕ್ಕದಲ್ಲಿ ಜಗತ್ತಿನ 11–17 ವಯಸ್ಸಿನ ಮಕ್ಕಳಲ್ಲಿ 81 ಶೇಕಡಾ ಮಂದಿ ಅಷ್ಟು ಆಡುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಹಳ್ಳಿ ಮಕ್ಕಳು ಹೊಲದಲ್ಲಿ ಕೆಲಸ ಮಾಡುತ್ತಾರೆ, ಅವರಿಗೇಕೆ ಆಟ ಎಂದು ಕೇಳುವವರಿದ್ದಾರೆ. ಬಗ್ಗಿ ಹತ್ತಿ ಬಿಡಿಸುವುದು ದುಡಿಮೆ. ಅದರಲ್ಲಿ ಓಟವಿಲ್ಲ, ನಗುವಿಲ್ಲ, ಗೆಳತಿಯರ ಜೊತೆ ಗೆಲ್ಲುವ ಖುಷಿಯಿಲ್ಲ.

2006–07ರಿಂದ ರಾಜ್ಯ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಕೊಡುತ್ತಿತ್ತು. ದಿನವೂ ಶಾಲೆಗೆ ತುಳಿದು ಬರುತ್ತಿದ್ದರು. ಕೊರೊನಾ ಬಂದಾಗ ಅದು ನಿಂತಿತು. ಆ ಸೈಕಲ್ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿತು ಎಂದು ಎಲ್ಲರೂ ಹೇಳುತ್ತಾರೆ. ದಿನಾ ಅವರ ಮೈಗೆ ವ್ಯಾಯಾಮ ಕೊಟ್ಟಿದ್ದೂ ಅದೇ ಎಂದು ಯಾರೂ ಹೇಳುವುದಿಲ್ಲ.

ಉಳಿದದ್ದು ಪಿ.ಟಿ. ಪೀರಿಯಡ್. ಟೈಮ್‌ಟೇಬಲ್‌ನಲ್ಲಿ ಇರುತ್ತದೆ. ಎಸ್‌ಎಸ್‌ಎಲ್‌ಸಿಯ 625 ಅಂಕದಲ್ಲಿ ದೈಹಿಕ ಶಿಕ್ಷಣಕ್ಕೆ ಒಂದೂ ಇಲ್ಲ. ಹಾಗಾಗಿ ದಸರಾ ರಜೆ ಮುಗಿದ ಮೇಲೆ ಆ ಪೀರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಪಿ.ಟಿ. ಮಾಸ್ತರ ಗಮನ ವಲಯ, ತಾಲೂಕು ಮಟ್ಟದ ಕ್ರೀಡಾಕೂಟದ ಮೇಲೆ. ತಂಡಕ್ಕೆ ಬೇಕಾದ ಹನ್ನೆರಡು ಮಂದಿ ಆಡುತ್ತಾರೆ, ಉಳಿದವರು ಬೇವಿನ ಮರದ ಕಟ್ಟೆಯ ಮೇಲೆ ಕೂರುತ್ತಾರೆ. ತಪ್ಪು ಮಾಸ್ತರದ್ದಲ್ಲ. ಕಪ್ ಬಂದರೆ ಫೋಟೋ ಬರುತ್ತದೆ, ಇಡೀ ತರಗತಿ ಓಡಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ನಮ್ಮಲ್ಲಿ ಈಗ ಒಂದು ಸಣ್ಣ ಏರ್ಪಾಡು ನಡೆಯುತ್ತಿದೆ. ಒಂಬತ್ತನೇ ತರಗತಿಯ ಪಿ.ಟಿ. ಪೀರಿಯಡ್ ಯಾವ ವಿಷಯಕ್ಕೂ ಕೊಡುವಂತಿಲ್ಲ ಎಂದು ಮುಖ್ಯ ಶಿಕ್ಷಕರು ಸಹಿ ಹಾಕಿ ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆ. ಆ ಹೊತ್ತು ತಂಡದ ಅಭ್ಯಾಸವಲ್ಲ, ಎಲ್ಲರ ಆಟ. ಹುಡುಗಿಯರು ಮೊದಲು ವೇಲ್ ಸರಿಮಾಡಿಕೊಳ್ಳುತ್ತಾ ಕಟ್ಟೆ ಬಿಟ್ಟು ಏಳಲೇ ಇಲ್ಲ. ಹುಡುಗರನ್ನು ಮೈದಾನದ ಆ ಕಡೆಗೆ ಕಳಿಸಿ, ಈ ಕಡೆ ಹಗ್ಗದಾಟ, ಕುಂಟಾಬಿಲ್ಲೆಯಿಂದ ಶುರು ಮಾಡಿಸಿದ ಮೇಲೆ ಒಬ್ಬೊಬ್ಬರಾಗಿ ಎದ್ದರು. ವೇಲನ್ನು ಸೊಂಟಕ್ಕೆ ಬಿಗಿದರು. ಈಗ ಖೋ ಖೋ ಆಡುತ್ತಾರೆ, ಬೆಲ್ ಹೊಡೆದರೂ ಒಳಗೆ ಬರುವುದಿಲ್ಲ. ಮುಟ್ಟಿನ ದಿನ ಆಡಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುತ್ತಾರೆ, ಕಾರಣ ಯಾರೂ ಕೇಳುವುದಿಲ್ಲ. ಆದರೆ ಇದು ಒಬ್ಬ ಮುಖ್ಯ ಶಿಕ್ಷಕರ ಸಹಿಯ ಮೇಲೆ ನಿಂತಿದೆ. ಅವರಿಗೆ ವರ್ಗವಾದರೆ ಮುಗಿಯಿತು. ಮೊಟ್ಟೆಗೆ ಆದೇಶ ಇದೆ, ದರ ಇದೆ, ದಿನದ ರಿಜಿಸ್ಟರ್ ಇದೆ, ನೋಡಲು ಬರುವವರಿದ್ದಾರೆ. ಆಟಕ್ಕೂ ಇವೇ ನಾಲ್ಕು ಬೇಕು. ಇಂದು ಯಾವ ತರಗತಿ ಎಷ್ಟು ಹೊತ್ತು ಆಡಿತು ಎಂದು ಒಂದು ಸಾಲು ಬರೆಯುವ ಪುಸ್ತಕ ಸಾಕು. ಅದಕ್ಕೆ ಆರು ರೂಪಾಯಿಯೂ ಬೇಡ.

ಮುಂದೆ

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಹೋದ ಮಕ್ಕಳಿಗೆ, ಇದನ್ನು ಬರೆಯುವ ಹೊತ್ತಿಗೆ, ಬಿಸಿಯೂಟವಿಲ್ಲ. ಹದಿನಾರರ ಹುಡುಗಿ ಬೆಳಗ್ಗೆ ಬಸ್ಸು ಹತ್ತಿ ತಾಲೂಕು ಕೇಂದ್ರಕ್ಕೆ ಹೋಗಿ ಸಂಜೆ ಬರುತ್ತಾಳೆ. ಮಧ್ಯೆ ಏನು ತಿಂದಳು ಎಂದು ಕೇಳುವ ಇಲಾಖೆ ಇಲ್ಲ.

ಅದಕ್ಕಿಂತ ಹತ್ತಿರದ ಚಿಂತೆ ಇನ್ನೊಂದು. ಫೌಂಡೇಶನ್‌ ಜೊತೆಗಿನ ಒಪ್ಪಂದ ಮೂರು ವರ್ಷದ್ದು. ವಾರದ ಆರು ಮೊಟ್ಟೆಯಲ್ಲಿ ಎರಡು ಮಾತ್ರ ಸರ್ಕಾರದ್ದು, ನಾಲ್ಕು ಅವರದ್ದು. ಒಪ್ಪಂದ 2027ರಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಆ ನಾಲ್ಕರ ಖರ್ಚು ರಾಜ್ಯದ ಬಜೆಟ್‌ಗೆ ಸೇರಬೇಕು, 9 ಮತ್ತು 10ನೇ ತರಗತಿಯ ಹೆಸರು ಹೇಳಿಯೇ ಸೇರಬೇಕು. ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಗಳಲ್ಲಿ ಪೋಷಕರು ಈಗಲೇ ಇದನ್ನು ಎತ್ತಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಬೇಕು. ಮಕ್ಕಳ ತೂಕ, ಎತ್ತರದ ಪಟ್ಟಿ ಶಾಲೆಯಲ್ಲೇ ಇದೆ. ಅದರ ಒಂದು ಪ್ರತಿಯನ್ನೂ ಜೊತೆಗೆ ಲಗತ್ತಿಸಿ.